ಕರಟದ ಕೈ

ರಂಗಮ್ಮ ಸೊಸೆಗೆ ಬಡಿಯುತ್ತಾಳೆ ಎಂಬ ಸುದ್ದಿ ಊರಿಗೆಲ್ಲ ಗೊತ್ತಾಗಿ, ಹಳೆಯದೂ ಆದ ಮೇಲೆ ಕೊನೆಗೆ ರಂಗಮ್ಮನಿಗೆ ಗೊತ್ತಾಯಿತು. ಅದನ್ನೂ ಯಾರೂ ಮುಖ ಕೊಟ್ಟು ಹೇಳಲಿಲ್ಲ. ಬೆಳಗ್ಗೆ ಹಾಲಿನ ಡೈರಿ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಬೀದಿಯ ಗಿರಿಜಾಂಬಿಕಾ ಹಿಂದಿನಿಂದ, "ಏನ್ ರಂಗಮ್ಮಾರೆ, ಕೈಕೆಲಸ ಮುಗುಸ್ಕಂಡೇ ಬಂದ್ರಾ?" ಎಂದಳು.

"ಮುಗೀತು ಕಣವ್ವ. ಇವತ್ತು ಎರಡೂವರೆ ಲೀಟ್ರು ಕೊಡ್ತು."

"ನಾನು ಹಸ ಕೇಳ್ಲಿಲ್ಲ ಬುಡಿ, ಸೊಸೆ ಕೇಳ್ದೆ."

ಸಾಲಿನಲ್ಲಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ರಂಗಮ್ಮ ಕ್ಯಾನನ್ನು ನೆಲಕ್ಕಿಟ್ಟು ಹಿಂದಕ್ಕೆ ತಿರುಗಿದಳು. "ಏನೇ ಅದು? ಬಾಯಿ ಬುಟ್ಟು ಹೇಳು."

"ನಂಗೇನು ಗೊತ್ತು, ಊರೋರು ಅಂತಾವ್ರೆ. ಬಾಗ್ಲು ಹಾಕ್ಕಂಡು, ಹೊಟ್ಟೆಗೆ ಏನೂ ಹಾಕ್ದಂಗೆ, ಮಂಚದ ಮೇಲೆ ತಲೆ ಕೆಳಗ್ಮಾಡಿ ಮಲಗ್ಸಿ, ಎರಡು ಹೊತ್ತೂ ಬಡೀತೀರಂತೆ. ಸದ್ದು ಬೀದಿಗೆ ಕೇಳ್ತದಂತೆ."

ರಂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತಿರುಗಿ ನಾಲ್ಕು ಮಾತು ಆಡೋಣವೆಂದು ಬಾಯಿ ತೆರೆದವಳಿಗೆ ಮಾತೇ ಹೊರಡಲಿಲ್ಲ. ಯಾಕೆಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ನಿಜ. ಸೊಸೆ ಮಧುಶ್ರೀ ಆ ಹೊತ್ತಿಗೆ ಏನೂ ತಿಂದಿರುತ್ತಿರಲಿಲ್ಲ, ಅದೂ ನಿಜ. ಮಂಚದ ಕಾಲ ಕಡೆಗೆ ಎರಡೆರಡು ಇಟ್ಟಿಗೆ ಕೊಟ್ಟು ತಲೆ ಇಳಿಜಾರಾಗುವಂತೆ ಮಲಗಿಸುತ್ತಿದ್ದದ್ದು ನಿಜ. ಸದ್ದೂ ನಿಜ. ಬಡಿಯುವುದು ಎಂಬ ಒಂದು ಮಾತು ಬಿಟ್ಟರೆ ಊರಿನವರು ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ. ಆ ಒಂದು ಮಾತನ್ನು ಸುಳ್ಳೆನ್ನಬೇಕಾದರೆ ಮಿಕ್ಕಿದ್ದನ್ನೆಲ್ಲ ಬಿಡಿಸಿ ಹೇಳಬೇಕು. ಹೇಳುವುದಿಲ್ಲವೆಂದು ಅವಳು ಮಾತು ಕೊಟ್ಟುಬಿಟ್ಟಿದ್ದಳು.

ಹಾಲು ಅಳೆಸಿ, ಖಾಲಿ ಕ್ಯಾನು ಎತ್ತಿಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ಕ್ಯಾನಿನ ಮುಚ್ಚಳ ಟಣಟಣ ಅನ್ನುತ್ತಿತ್ತು.

ಮಧುಶ್ರೀ ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗಿ. ಬಂದ ದಿನದಿಂದಲೂ ಕೆಮ್ಮು. "ಅವಳ್ದು ಶೀತದ ಮೈ" ಎಂದು ತವರಿನವರು ಹೇಳಿದ್ದರು, ಇವರೂ ನಂಬಿದ್ದರು. ಮೊನ್ನೆ ಶಿವರಾತ್ರಿ ಮುಗಿದ ವಾರಕ್ಕೆ ಜ್ವರ ಏರಿ, ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ಮಾತಾಡಲಾಗದೆ ಹೋದಾಗ ತಿಪಟೂರಿನ ಆಸ್ಪತ್ರೆಗೆ ಸೇರಿಸಿದರು. ಹತ್ತು ದಿನ ಇದ್ದರು. ಡಾಕ್ಟರು ಸ್ಕ್ಯಾನ್ ಮಾಡಿಸಿ, ಚಿಕ್ಕಂದಿನಲ್ಲಿ ಯಾವಾಗಲೋ ಬಂದ ಕೆಟ್ಟ ನಿಮೋನಿಯಾದಿಂದ ಎಡಗಡೆ ಶ್ವಾಸಕೋಶದ ಬುಡದಲ್ಲಿ ಗಾಳಿಯ ಕೊಳವೆಗಳು ಹಿಗ್ಗಿ ಸಡಿಲವಾಗಿವೆ, ಕಫ ಅಲ್ಲಿ ಇಳಿದು ನಿಂತುಕೊಳ್ಳುತ್ತದೆ, ನಿಂತದ್ದು ಕೊಳೆತು ಜ್ವರ ತರುತ್ತದೆ ಎಂದರು. ಕ್ಷಯ ಅಲ್ಲ, ಅಂಟುವುದಿಲ್ಲ. ಆದರೆ ಆ ಕಫವನ್ನು ದಿನಾ ಹೊರಗೆ ತೆಗೆಯಬೇಕು. ತೆಗೆಯದಿದ್ದರೆ ಹುಡುಗಿ ವರ್ಷಕ್ಕೆ ನಾಲ್ಕು ಸಲ ಹೀಗೇ ಬಂದು ಮಲಗಬೇಕಾಗುತ್ತದೆ, ಪ್ರತಿ ಸಲವೂ ಇನ್ನಷ್ಟು ಜಾಗ ಕೆಡುತ್ತದೆ.

ತೆಗೆಯುವುದು ಹೇಗೆಂದು ಕಲಿಸಿದವಳು ನಾಹಿದಾ ಮೇಡಂ, ಅಲ್ಲಿನ ಫಿಸಿಯೋಥೆರಪಿಯ ಹುಡುಗಿ. ತಿಪಟೂರಿನವಳೇ, ಅವರಪ್ಪನದು ಟೈಲರ್ ಅಂಗಡಿ. ಮಧುವನ್ನು ಬಲಮಗ್ಗುಲಿಗೆ ಮಲಗಿಸಿ, ಸೊಂಟದ ಕೆಳಗೆ ದಿಂಬು ಕೊಟ್ಟು, "ಬುಡ ಮೇಲಾದ್ರೆ ಕಫ ತಾನೇ ಇಳಿದು ಬರುತ್ತಮ್ಮಾ. ನಾವು ತಟ್ಟಿ ಅದನ್ನ ಗೋಡೆಯಿಂದ ಬಿಡಿಸಬೇಕು ಅಷ್ಟೇ. ಎಲ್ಲಿ, ನೀವು ತಟ್ಟಿ ನೋಡಣ," ಎಂದಳು.

ರಂಗಮ್ಮ ಕೈಯೆತ್ತಿ ತಟ್ಟಿದಳು. ಚಟ್ ಎಂದಿತು. ಮಧು ಮುಖ ಕಿವುಚಿಕೊಂಡಳು.

"ಅಮ್ಮಾ, ಅದು ಏಟು. ನಮಗೆ ಬೇಕಿರೋದು ಏಟಲ್ಲ, ಗಾಳಿ. ಅಂಗೈ ಒಳಗೆ ಗಾಳಿ ಸಿಕ್ಕೊಬೇಕು. ಬೆರಳು ಸೇರಿಸಿ, ಹೆಬ್ಬೆರಳು ಒತ್ತಿ, ಕೈ ಹಿಂಗೆ ಬಟ್ಟಲು ಮಾಡ್ಕೊಳಿ."

ರಂಗಮ್ಮ ಅವಳ ಕೈ ನೋಡಿದಳು, ತನ್ನ ಕೈ ನೋಡಿದಳು. "ಕರಟ ಬೋರಲು ಹಾಕ್ದಂಗೆ ಅನ್ನವ್ವ."

"ಕರಟ?"

"ತೆಂಗಿನ ಚಿಪ್ಪು ಕಣವ್ವ. ಎರಡು ಕರಟ ತಗಂಡು ಕಲ್ಲಿನ ಮೇಲೆ ಬೋರಲು ಬಡುದ್ರೆ ಕುದುರೆ ಓಡ್ದಂಗೆ ಸದ್ದು ಬರಲ್ವಾ? ನೀನು ಚಿಕ್ಕೋಳಿದ್ದಾಗ ಆಡಿಲ್ವಾ?" ಎಂದು ಅಂಗೈಯನ್ನು ಕರಟ ಮಾಡಿ ತಟ್ಟಿದಳು. ಡೊಬ್, ಡೊಬ್, ಡೊಬ್ ಎಂದು ಪೊಳ್ಳು ಸದ್ದು ಹೊರಟಿತು. ನಾಹಿದಾ ನಕ್ಕುಬಿಟ್ಟಳು. "ನಾನು ನಾಲ್ಕು ವರ್ಷ ಓದಿ ಕಲಿತದ್ದು ನಿಮಗೆ ಒಂದು ಮಾತಲ್ಲಿ ಬಂತಲ್ಲಮ್ಮಾ!"

ಆಮೇಲೆ ಮಿಕ್ಕಿದ್ದನ್ನೆಲ್ಲ ಹೇಳಿಕೊಟ್ಟಳು. ಬೆನ್ನುಮೂಳೆಯ ಮೇಲೆ ತಟ್ಟಬಾರದು, ಪಕ್ಕೆಲುಬು ಮುಗಿದ ಮೇಲೆ ಕೆಳಗೆ ತಟ್ಟಬಾರದು. ಬರಿ ಮೈಮೇಲೆ ಬೇಡ, ಒಂದು ತೆಳ್ಳನೆ ಬಟ್ಟೆ ಇರಲಿ. ಊಟಕ್ಕೆ ಮುಂಚೆಯೇ ಆಗಬೇಕು, ಹೊಟ್ಟೆ ತುಂಬಿದ್ದರೆ ವಾಂತಿ. ತಟ್ಟಿದ ಮೇಲೆ, ಅವಳು ಉಸಿರು ಬಿಡುವಾಗ ಪಕ್ಕೆಯ ಮೇಲೆ ಕೈಯೂರಿ ಸಣ್ಣಗೆ ನಡುಗಿಸಬೇಕು. ಆಮೇಲೆ ಅವಳು ನಿಧಾನವಾಗಿ ಆಳವಾಗಿ ಉಸಿರೆಳೆದುಕೊಂಡು, ಕನ್ನಡಿಯ ಮೇಲೆ ಆವಿ ಹಿಡಿಸುವ ಹಾಗೆ ಬಾಯಿ ತೆರೆದು 'ಹಾ' ಎಂದು ಬಿಡಬೇಕು. "ನೆನಪಿಟ್ಕೊಳಿ, ತಟ್ಟೋದು ಅರ್ಧ ಕೆಲಸ. ಆ 'ಹಾ' ಇನ್ನರ್ಧ. ರಕ್ತ ಕಂಡ್ರೆ ನಿಲ್ಲಿಸಿ ಸೀದಾ ಬಂದ್ಬಿಡಿ."

ಅಲ್ಲಿಂದ ಎರಡು ತಿಂಗಳು ರಂಗಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಮೊದಲು ಇಳಿಜಾರಿಗೆಂದು ತೆಂಗಿನ ನಾರು ತುಂಬಿದ ಚೀಲ ಇಟ್ಟಿದ್ದಳು. ಅದರ ದೂಳಿಗೇ ಕೆಮ್ಮು ಜಾಸ್ತಿಯಾಗಿ, ನಾಹಿದಾ ಫೋನಿನಲ್ಲಿ ಬೈದ ಮೇಲೆ ಇಟ್ಟಿಗೆ ಬಂದವು. ಮೊದಲ ವಾರ ಹಸಿರು ಕಫ ಅರ್ಧ ಲೋಟ ಬರುತ್ತಿತ್ತು. ಬರಬರುತ್ತಾ ಬಿಳಿಯಾಯಿತು, ಕಾಲು ಲೋಟಕ್ಕಿಳಿಯಿತು. ಹುಡುಗಿ ರಾತ್ರಿ ಮಲಗಿದರೆ ಬೆಳಗ್ಗೆ ಏಳುವ ಹಾಗಾಯಿತು. ಮುದ್ದೆ ಒಂದು ತಿನ್ನುತ್ತಿದ್ದವಳು ಒಂದೂವರೆ ಕೇಳಿದಳು. ಮುಖದ ಮೇಲೆ ಕೆಂಪು ಬಂತು. ಅಟ್ಟದ ಏಣಿಯನ್ನು ನಿಲ್ಲದೆ ಹತ್ತಿದ ದಿನ ಮೇಲಿನಿಂದಲೇ, "ಅತ್ತೆ, ಏದುಸಿರೇ ಬರ್ಲಿಲ್ಲ!" ಎಂದು ಕೂಗಿದ್ದಳು.

ಆದರೆ ಆಸ್ಪತ್ರೆಯಿಂದ ಬಂದ ದಿನವೇ ಅವಳು ರಂಗಮ್ಮನ ಕೈ ಹಿಡಿದು ಬೇಡಿಕೊಂಡಿದ್ದಳು. "ಯಾರ್ಗೂ ಹೇಳ್ಬೇಡಿ ಅತ್ತೆ, ಬರೀ ಜ್ವರ ಅಂದ್ಬುಡಿ. ಕಫದ ಕಾಯಿಲೆ ಅಂದ್ರೆ ಜನ ಟಿಬಿ ಅಂತಾರೆ. ನಮ್ಮ ಆಶಂಗೆ ಗಂಡು ನೋಡ್ತಾವ್ರೆ. ಅಕ್ಕಂಗೆ ಇದ್ರೆ ತಂಗಿಗೂ ಇರ್ತದೆ ಅಂದ್ಬುಟ್ರೆ ಅವಳ ಗತಿ ಏನು? ನಮ್ಮಣ್ಣಂಗೂ ಹೇಳ್ಬೇಡಿ, ಅವನ ಬಾಯಲ್ಲಿ ಮಾತು ನಿಲ್ಲಲ್ಲ."

ಮಗ ಶಿವಮೂರ್ತಿಗೆ ಮಾತ್ರ ಗೊತ್ತಿತ್ತು. ಅವನು ಕೊಬ್ಬರಿ ಲೋಡಿನ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ಉತ್ತರದ ರಸ್ತೆಯಲ್ಲಿ. ರಂಗಮ್ಮ ಮಾತು ಕೊಟ್ಟಳು, ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿಕೊಂಡದ್ದೇ ತಪ್ಪಾಯಿತು.

ಡೈರಿಯಿಂದ ಬಂದವಳು ಅವತ್ತು ಕೊಬ್ಬರಿ ಶೆಡ್ಡಿಗೆ ಕೆಲಸಕ್ಕೆ ಹೋದಳು. ಮೂವತ್ತು ವರ್ಷದಿಂದ ಅಲ್ಲಿ ಅವಳದು ಒಂದೇ ಕೆಲಸ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಗಟಗಟ ಅಂದರೆ ಒಳಗೆ ಕೊಬ್ಬರಿ ಗಿಟುಕಾಗಿ ಚಿಪ್ಪು ಬಿಟ್ಟಿದೆ, ಒಡೆಯಬಹುದು. ಗುಳುಕ್ ಅಂದರೆ ಇನ್ನೂ ನೀರಿದೆ, ಮತ್ತೆ ಅಟ್ಟಕ್ಕೆ. ಏನೂ ಅನ್ನದಿದ್ದರೆ ಕೊಳೆತಿದೆ. ಆ ಶೆಡ್ಡಿನಲ್ಲಿ ಅವಳಿಗಿಂತ ಒಳ್ಳೆಯ ಕಿವಿ ಇದ್ದದ್ದು ಮೇಸ್ತ್ರಿ ಗಂಗಯ್ಯನಿಗೆ ಮಾತ್ರ. ಇನ್ನೊಬ್ಬರು ಅಲ್ಲಾಡಿಸಿದ ಕಾಯಿಯನ್ನು ಹತ್ತು ಮಾರು ದೂರದಿಂದಲೇ ಕೇಳಿ ಹೇಳುತ್ತಾನೆ ಎಂದು ಸುತ್ತ ನಾಲ್ಕೂರಿನಲ್ಲಿ ಹೆಸರು. ರಂಗಮ್ಮನ ಮನೆಗೂ ಅವನ ಮನೆಗೂ ಒಂದೇ ಗೋಡೆ.

ಅವಳು ಕೂತು ಕೈಗೆ ಕಾಯಿ ತೆಗೆದುಕೊಳ್ಳುವ ಮುಂಚೆಯೇ ಗಂಗಯ್ಯ ಬಂದು ನಿಂತ. "ರಂಗಮ್ಮ, ಬೇಜಾರು ಮಾಡ್ಕಬೇಡ. ದೊಡ್ಡೋಳು ನೀನು. ಪರರ ಮನೆ ಹೆಣ್ಣುಮಗ ಅದು."

"ಏನಾಗೈತೆ ಗಂಗಯ್ಯಣ್ಣ ಆ ಹೆಣ್ಣುಮಗೀಗೆ?"

"ನನ್ನ ಬಾಯಲ್ಲಿ ಯಾಕೆ ಹೇಳುಸ್ತೀಯಾ? ಈ ಕಿವಿ ಇಲ್ಲೀಗಂಟ ಸುಳ್ಳು ಹೇಳಿಲ್ಲ ಕಣಮ್ಮ."

ಶೆಡ್ಡಿನಲ್ಲಿ ಮಚ್ಚಿನ ಸದ್ದು ನಿಂತಿತು. ಒಬ್ಬರೂ ತಲೆಯೆತ್ತಲಿಲ್ಲ, ಒಬ್ಬರೂ ಕೆಲಸ ಮಾಡಲಿಲ್ಲ. ಇವರೊಂದಿಗೆ ತಾನು ಮೂವತ್ತು ವರ್ಷ ಒಂದೇ ಬುತ್ತಿಯಲ್ಲಿ ಉಂಡಿದ್ದೇನೆ ಎಂದುಕೊಂಡಳು ರಂಗಮ್ಮ. ಇವರ ಬಾಣಂತನಕ್ಕೆ ಹೋಗಿದ್ದೇನೆ, ಇವರ ಮಕ್ಕಳಿಗೆ ನೀರು ಹಾಕಿದ್ದೇನೆ. ಒಬ್ಬಳಾದರೂ ಮನೆಗೆ ಬಂದು, ಏನಿದು ರಂಗಮ್ಮ ಎಂದು ಕೇಳಬಾರದಾಗಿತ್ತೆ?

"ಕೇಳಿದ್ದೀಯಾ, ಸರಿ. ಕದ ತಟ್ಟಿ ನೋಡಿದ್ಯಾ?" ಎಂದಳು.

"ನೋಡ್ಬೇಕಾದೋರು ನೋಡ್ತಾರೆ ಬುಡು," ಎಂದ ಗಂಗಯ್ಯ.

ಆ ಮಾತಿನ ಅರ್ಥ ಸಂಜೆಯೇ ತಿಳಿಯಿತು. ಮಧುವಿನ ತವರಿನ ಕಡೆಗೆ ಗಂಗಯ್ಯ ದೂರದ ನೆಂಟ. ಅವಳ ಅಣ್ಣ ಕಲ್ಲೇಶನಿಗೆ ಅವನೇ ಫೋನು ಮಾಡಿದ್ದ.

ರಂಗಮ್ಮ ತಟ್ಟುತ್ತಿದ್ದಳು. ಮಧು ಬಲಮಗ್ಗುಲಾಗಿ ಮಲಗಿದ್ದಳು, ತಲೆ ಇಳಿಜಾರಿಗೆ, ಪಕ್ಕೆಯ ಮೇಲೆ ಹಳೆಯ ಟವೆಲು. ಅವತ್ತು ಕಫ ಚೆನ್ನಾಗಿ ಸಡಿಲವಾಗಿತ್ತು. ಮಧು ಎದ್ದು ಕೂತು 'ಹಾ' ಎಂದು ಬಿಟ್ಟಳು, ಎರಡನೆಯ ಸಲಕ್ಕೆ ಕೆಮ್ಮು ಹಿಡಿಯಿತು. ರಂಗಮ್ಮ ಇನ್ನೊಮ್ಮೆ ತಟ್ಟಲು ಕೈ ಎತ್ತಿದ್ದಳು. ಆಗಲೇ ಬಾಗಿಲು ಧಡ್ ಎಂದು ತೆರೆಯಿತು. ಕಲ್ಲೇಶ ಒಳಗೆ ನಿಂತಿದ್ದ. ಅವನ ಹಿಂದೆ ಗಂಗಯ್ಯ, ಗಿರಿಜಾಂಬಿಕಾ, ಅವರ ಹಿಂದೆ ಬೀದಿ.

"ಇಳ್ಸಿ ಕೈನ!" ಎಂದು ಕೂಗಿದ ಕಲ್ಲೇಶ. "ನಮ್ಮ ಹುಡುಗೀನ ಏನು ದನ ಅಂದ್ಕಂಡಿದ್ದೀರಾ ರಂಗಮ್ಮತ್ತೆ?"

ಮಧು ಮಾತಾಡಬೇಕಿತ್ತು, ಆದರೆ ಕೆಮ್ಮು ಬಿಡುತ್ತಿರಲಿಲ್ಲ. ಎರಡು ತಿಂಗಳು ದುಡಿದ ವಿದ್ಯೆ ಆ ಗಳಿಗೆಯಲ್ಲೇ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿತ್ತು. ಕಣ್ಣು ಕೆಂಪಾಗಿ, ನೀರು ಸುರಿದು, ಮುಖ ಊದಿಕೊಂಡು ಅವಳು ಕೈಯಾಡಿಸಿದಳು, ಅಷ್ಟೇ. ನೋಡಿದವರಿಗೆ ಅದು ಅಳುವಾಗಿ ಕಂಡಿತು.

"ನೋಡಪ್ಪ, ಹೆಂಗೆ ಅಳ್ತದೆ ಕೂಸು," ಎಂದಳು ಗಿರಿಜಾಂಬಿಕಾ.

"ಅವಳ ಕೆಮ್ಮು ಮುಗೀಲಿ ಕಲ್ಲೇಶ. ಅವಳೇ ಹೇಳ್ತಾಳೆ," ಎಂದಳು ರಂಗಮ್ಮ.

ಕೆಮ್ಮು ಮುಗಿಯಿತು. ಮಧು ಬಾಗಿಲಲ್ಲಿದ್ದ ಹತ್ತು ಮುಖಗಳನ್ನು ನೋಡಿದಳು. ಮಂಚದ ಪಕ್ಕದಲ್ಲಿದ್ದ ಕಫದ ಲೋಟವನ್ನು ಕಾಲಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿದಳು. "ಅತ್ತೆ ಹೊಡ್ದಿಲ್ಲ ಅಣ್ಣ," ಎಂದಳು.

"ಮತ್ತೆ ಅದೇನು ಸದ್ದು?"

ಅವಳು ತಲೆ ತಗ್ಗಿಸಿದಳು. ರಂಗಮ್ಮ ಅವಳ ಮುಖವನ್ನೇ ನೋಡುತ್ತಾ ನಿಂತಳು. ಹೇಳೇ, ಎಂದು ಒಳಗೇ ಕೂಗಿಕೊಂಡಳು. ಒಂದು ಮಾತು ಹೇಳೇ ಮಾರಾಯ್ತಿ. ನಿನ್ನ ತಂಗಿಯ ಮದುವೆ ದೊಡ್ಡದು, ನನ್ನ ಮಾನ ಚಿಕ್ಕದಾ? ಮಧು ಹೇಳಲಿಲ್ಲ. ಕೊಟ್ಟ ಮಾತಿನ ಹಗ್ಗ ಕೊರಳಿಗೆ ಬಿದ್ದ ಹಾಗೆ ರಂಗಮ್ಮನೂ ಹೇಳಲಿಲ್ಲ.

"ಹೆದ್ರುಸಿ ಇಟ್ಟವ್ರೆ ಕಣ್ಲಾ," ಎಂದ ಗಂಗಯ್ಯ. ಅಲ್ಲಿಗೆ ತೀರ್ಪಾಯಿತು. ಕಲ್ಲೇಶ ತಂಗಿಯ ಬಟ್ಟೆಯನ್ನು ಒಂದು ಬ್ಯಾಗಿಗೆ ತುಂಬಿದ. ರಂಗಮ್ಮ ಹೊಸ್ತಿಲಲ್ಲಿ ಅಡ್ಡ ನಿಂತು, ತಗ್ಗಿದ ಧ್ವನಿಯಲ್ಲಿ, "ಕರ್ಕಂಡೋಗು, ಬ್ಯಾಡ ಅನ್ನಲ್ಲ. ಆದ್ರೆ ಎರಡು ಹೊತ್ತೂ ಅವಳು ಹೇಳ್ದಂಗೆ ಬೆನ್ನು ತಟ್ಟು. ಒಂದು ದಿನ ತಪ್ಪುಸ್ಬೇಡ ಕಣಪ್ಪ," ಎಂದಳು.

"ನೀವು ಹೊಡ್ದಿದ್ದು ಸಾಲ್ದು, ನಾನೂ ಹೊಡೀಬೇಕಾ?" ಎಂದು ಕಲ್ಲೇಶ ಬೈಕು ಹತ್ತಿದ.

ಶಿವಮೂರ್ತಿ ಕಾನ್ಪುರದಿಂದ ಭಾವಮೈದುನನಿಗೆ ಫೋನು ಮಾಡಿ ಎಲ್ಲ ಹೇಳಿದ. "ನಿಮ್ಮವ್ವನ ಪರ ನೀನಲ್ದೆ ಇನ್ಯಾರು ಮಾತಾಡ್ತಾರೆ?" ಎಂದು ಕಲ್ಲೇಶ ಫೋನು ಇಟ್ಟ. ತವರಿನಲ್ಲಿ ಮಧುವೂ ಬಾಯಿ ಬಿಟ್ಟಳು. ನಂಬಲಿಲ್ಲ. ಅದು ಅತ್ತೆ ಹೇಳಿಕೊಟ್ಟ ಪಾಠ ಎಂದರು. ತಂಗಿ ಆಶಾ ಒಂದು ಸಂಜೆ ತಟ್ಟಲು ಕೂತಾಗ, "ಗಂಡಿನ ಕಡೆಯೋರು ಯಾವ ಹೊತ್ನಲ್ಲಿ ಬತ್ತಾರೋ ಏನೋ, ಸದ್ದು ಮಾಡ್ಬ್ಯಾಡಿ" ಎಂದು ಮನೆಯವರು ಎಬ್ಬಿಸಿದರು.

ಇದನ್ನೆಲ್ಲ ಮಧು ಫೋನಿನಲ್ಲಿ ಹೇಳಿದಳು. ರಂಗಮ್ಮ ಮಾತು ಕೇಳುತ್ತಿರಲಿಲ್ಲ, ಮಾತಿನ ಸಂದಿನಲ್ಲಿ ಬರುವ ಉಸಿರನ್ನು ಕೇಳುತ್ತಿದ್ದಳು. ಎರಡನೆಯ ದಿನ ಉಸಿರಿಗೆ ದಾರಿ ಕಿರಿದಾಗಿತ್ತು. ಮೂರನೆಯ ದಿನ ಬುಡದಲ್ಲೆಲ್ಲೋ ಸಣ್ಣಗೆ ಗೊರಗೊರ. ನಾಲ್ಕನೆಯ ದಿನ ಕಿವಿಗೆ ಫೋನು ಹಿಡಿದವಳಿಗೆ ಅಟ್ಟದಿಂದ ಬೇಗ ಇಳಿಸಿದ ಕಾಯಿಯ ನೆನಪಾಯಿತು. ಒಳಗೆ ನೀರು ಗುಳುಗುಳು ಅನ್ನುತ್ತಿತ್ತು.

"ಮಧು, ಜ್ವರ ಐತಾ?"

"ಸ್ವಲ್ಪ... ಐತೆ ಅತ್ತೆ."

"ಫೋನು ನಿಮ್ಮಣ್ಣಂಗೆ ಕೊಡು." ಕಲ್ಲೇಶ ಫೋನು ತೆಗೆದುಕೊಂಡ ಕೂಡಲೆ ರಂಗಮ್ಮನ ಬಾಯಿ ಬಿಚ್ಚಿತು. "ಲೇ ಕಲ್ಲೇಶ! ನಾನು ಕೆಟ್ಟೋಳೇ ಆಗಿರ್ಲಿ. ನನ್ನ ಹೆಸರು ಹೇಳಿ ಉಗಿ. ಆದ್ರೆ ಈಗ ನಿನ್ನ ತಂಗಿ ಪಕ್ಕೆಗೆ ಕಿವಿ ಇಟ್ಟು ಕೇಳು. ನೀರಿನ ಸದ್ದು ಬಂದ್ರೆ ಸೀದಾ ತಿಪಟೂರಿಗೆ ಕರ್ಕಂಡು ಬಾ. ಸದ್ದು ಬರ್ಲಿಲ್ಲ ಅಂದ್ರೆ ಹೋಗಿ ಪೋಲೀಸ್ ಸ್ಟೇಷನ್ನಲ್ಲಿ ನನ್ಮೇಲೆ ಕಂಪ್ಲೇಂಟ್ ಬರ್ಸು, ನಾನೇ ಬಂದು ಹೆಬ್ಬೆಟ್ಟು ಒತ್ತೀನಿ."

ಮಾರನೆಯ ದಿನ ಬೆಳಗ್ಗೆ ಹತ್ತಕ್ಕೆ ಅವಳು ಆಸ್ಪತ್ರೆಗೆ ಹೋದಾಗ ಮಧುವನ್ನು ಆಗಲೇ ಮಲಗಿಸಿದ್ದರು. ಮೂಗಿಗೆ ಆಕ್ಸಿಜನ್, ಕೈಗೆ ಡ್ರಿಪ್. ಬೈಕಿನಲ್ಲಿ ಕೂರಲಾಗದ ತಂಗಿಯನ್ನು ಕರೆತರಲು ಕಲ್ಲೇಶ ಶೆಡ್ಡಿನ ವ್ಯಾನಿಗಾಗಿ ಯಾರನ್ನು ಕೇಳಿದ್ದನೋ ಅವನೇ, ಗಂಗಯ್ಯ, ವಾರ್ಡಿನ ಬಾಗಿಲಲ್ಲಿ ವ್ಯಾನಿನ ಬೀಗದ ಕೈ ತಿರುಗಿಸುತ್ತಾ ಕೂತಿದ್ದ. ರಂಗಮ್ಮನನ್ನು ಕಂಡು ಮುಖ ಆಚೆ ಮಾಡಿದ.

ಸಂಜೆಗೆ ಜ್ವರ ಸ್ವಲ್ಪ ಇಳಿಯಿತು. ಡಾಕ್ಟರು ನೋಡಿ ಹೋದ ಮೇಲೆ ನಾಹಿದಾ ಬಂದು ಸ್ಟೆತಸ್ಕೋಪು ಇಟ್ಟು ಕೇಳಿದಳು. ಅವಳ ಮುಖ ಬಿಗಿಯಿತು. "ಎಷ್ಟು ದಿನ ಆಯ್ತು ತಟ್ಟಿ?"

"ಐದು," ಎಂದಳು ಮಧು.

"ಯಾರು ಬಿಡಿಸಿದ್ದು?"

"ನಾನೇ ಮೇಡಂ," ಎಂದ ಕಲ್ಲೇಶ. "ಅತ್ತೆ ಹೊಡೀತಾರೆ ಅಂತ..."

ನಾಹಿದಾ ಅವನ ಕಡೆಗೆ ತಿರುಗಿದಳು. "ಹೊಡೀತಾರೆ? ಈ ಅಮ್ಮ? ಮನೆಗೆ ಕಳಿಸೋ ಮುಂಚೆ ಎಷ್ಟು ಜನಕ್ಕೆ ಕಲಿಸ್ತೀನಿ ಗೊತ್ತೇನ್ರೀ? ಹದಿನೈದು ದಿನಕ್ಕೆ ಎಲ್ಲರಿಗೂ ಕೈ ಸೋತುಹೋಗುತ್ತೆ. ಇವರು ಎರಡು ತಿಂಗಳು ಬಿಟ್ಟಿಲ್ಲ. ಹೋದ ಸಲ ಚೆಕಪ್ಪಿಗೆ ಬಂದಾಗ ಇವಳ ಎದೆ ಎಷ್ಟು ತಿಳಿಯಾಗಿದೆ ಅಂತ ನಾನೇ ಡಾಕ್ಟರನ್ನ ಕರ್ಕೊಂಡು ಬಂದು ತೋರಿಸಿದ್ದೆ. ನೀವು ಐದು ದಿನದಲ್ಲಿ ಎಲ್ಲಾ ಹಾಳು ಮಾಡ್ಕೊಂಡು ಬಂದಿದ್ದೀರ." ಅವಳು ಪರದೆ ಎಳೆದಳು. "ಬನ್ನಿ, ನೀವೇ ತಟ್ಟಿ. ಕಲೀರಿ."

ಗಂಗಯ್ಯ ಪರದೆಯ ಆಚೆ ಉಳಿದ. ಮಧು ಬಲಮಗ್ಗುಲಾದಳು. ಅವತ್ತು ತಲೆಯನ್ನು ಇಳಿಜಾರು ಮಾಡಲಿಲ್ಲ, ಉಸಿರು ಅಷ್ಟು ತಡೆಯುವಂತಿರಲಿಲ್ಲ. ಕಲ್ಲೇಶ ಕೈಯೆತ್ತಿ ತಟ್ಟಿದ. ಚಟ್!

"ಅಯ್ಯಪ್ಪಾ!" ಎಂದಳು ಮಧು.

"ಏಯ್!" ಪರದೆಯಾಚೆಯಿಂದ ಗಂಗಯ್ಯ ಕೂಗಿದ. "ಯಾರ್ಲಾ ಅದು ಹುಡುಗೀಗೆ ಹೊಡೀತಿರೋದು?"

ಕಲ್ಲೇಶ ತನ್ನ ಅಂಗೈ ನೋಡಿಕೊಂಡ. ರಂಗಮ್ಮ ಅವನನ್ನು ಪಕ್ಕಕ್ಕೆ ಸರಿಸಿ, ಟವೆಲು ಸರಿಮಾಡಿ, ಕೈಯನ್ನು ಕರಟ ಮಾಡಿದಳು. ಡೊಬ್, ಡೊಬ್, ಡೊಬ್, ಡೊಬ್. ಒಂದೇ ಸಮ, ಕುದುರೆ ನಿಧಾನವಾಗಿ ನಡೆದ ಹಾಗೆ. ತಟ್ಟುತ್ತಲೇ ಅವಳು ಧ್ವನಿಯೆತ್ತಿದಳು.

"ಗಂಗಯ್ಯಣ್ಣ. ಈಗ ಕೇಳಿಸ್ಕೋ. ಇದು ಏಟಾ?"

ಪರದೆಯಾಚೆ ಬೀಗದ ಕೈ ಕಿಣಿಕಿಣಿ ಅಂದಿತು.

"ಹತ್ತು ಮಾರು ದೂರದಿಂದ ಕಾಯಿ ಹೇಳೋ ಕಿವಿ ನಿಂದು. ಇದು ಬರೀ ಒಂದು ಪರದೆ. ಹೇಳು. ಮೊದ್ಲು ಕೇಳಿದ್ದೇನು, ಈಗ ಕೇಳ್ತಿರೋದೇನು?"

"ಮೊದ್ಲಿಂದು... ಏಟು," ಎಂದ ಗಂಗಯ್ಯ ತಡೆದು. "ಇದು ಪೊಳ್ಳು. ಒಳಗೆ ಗಾಳಿ ಐತೆ."

"ನಮ್ಮಿಬ್ಬರ ಗೋಡೆ ದಾಟಿ ಎರಡು ತಿಂಗಳು ಬಂದಿದ್ದು ಯಾವುದು?"

ಬೀಗದ ಕೈಯ ಸದ್ದು ನಿಂತಿತು. "ಇದೇ," ಎಂದ.

"ಎರಡು ತಿಂಗಳು!" ರಂಗಮ್ಮನ ಕೈ ನಿಲ್ಲಲಿಲ್ಲ, ಧ್ವನಿ ಮಾತ್ರ ಏರಿತು. "ಒಂದು ಕಾಯಿ ಒಳಗೆ ನೀರೈತೋ ಗಿಟುಕೈತೋ ಅಂತ ಮೂರು ಸಲ ಅಲ್ಲಾಡ್ಸಿ ಹೇಳ್ತೀಯಲ್ಲಾ, ನನ್ನನ್ನ ಒಂದು ಸಲ ಕೇಳ್ಬಾರ್ದಾಗಿತ್ತಾ? ನಿಂಗೆ ಸದ್ದು ಗೊತ್ತಾಗ್ಲಿಲ್ಲ ಅಂತಲ್ಲ ಗಂಗಯ್ಯಣ್ಣ. ಅತ್ತೆ ಅಂದ್ಕೂಡ್ಲೆ ನಿನ್ನ ಕಿವಿ ಮುಚ್ಕಂತು!"

"ಅತ್ತೆ," ಎಂದಳು ಮಧು ಮಲಗಿದ ಕಡೆಯಿಂದಲೇ. "ತಪ್ಪು ನಂದೂ ಐತೆ." ಉಸಿರೆಳೆದುಕೊಂಡು ಪರದೆಯತ್ತ ಮುಖ ಮಾಡಿದಳು. "ಗಂಗಯ್ಯ ಮಾವ, ಅಣ್ಣ, ಕೇಳಿ. ನನಗೆ ಎದೇಲಿ ಕಫ ನಿಲ್ಲೋ ಕಾಯಿಲೆ ಐತೆ. ಜೀವ ಇರೋಗಂಟ ಇರ್ತದೆ. ಅಂಟಲ್ಲ. ಯಾರ್ ಕೇಳಿದ್ರೂ ಹೇಳಿ. ಆಶನ್ನ ನೋಡಕ್ಕೆ ಬರೋರಿಗೂ ಹೇಳಿ. ನನ್ನ ಮುಚ್ಚಿಟ್ಟು ಮಾಡ್ಕಳೋ ಮದ್ವೆ ಅವಳಿಗೂ ಬ್ಯಾಡ."

"ಸಾಕು ಮಾತು," ಎಂದಳು ನಾಹಿದಾ ಮೆಲ್ಲಗೆ. "ಈಗ 'ಹಾ' ಅನ್ನು."

ಮಧು 'ಹಾ' ಎಂದಳು. ಮೂರನೆಯದಕ್ಕೆ ಕೆಮ್ಮು ಬಂತು. ಕಲ್ಲೇಶ ಲೋಟ ಹಿಡಿದ. ಒಳಗೆ ಬಿದ್ದದ್ದನ್ನು ಕಂಡು ಮುಖ ತಿರುಗಿಸಿದ, ಆದರೆ ಲೋಟ ಬಿಡಲಿಲ್ಲ. ಮೂರನೆಯ ದಿನದ ಹೊತ್ತಿಗೆ ಅವನಿಗೂ ಕರಟದ ಕೈ ಬಂದಿತ್ತು. ಎಂಟನೆಯ ದಿನ ಆಕ್ಸಿಜನ್ ತೆಗೆದರು. ಪಕ್ಕದ ಮಂಚದ ಮುದುಕನ ಮಗಳಿಗೆ ನಾಹಿದಾ, "ಕರಟ ಬೋರಲು ಹಾಕ್ದಂಗೆ ಕಣಮ್ಮ" ಎಂದು ಹೇಳಿಕೊಡುವುದು ರಂಗಮ್ಮನ ಕಿವಿಗೆ ಬಿತ್ತು.

ಹನ್ನೆರಡನೆಯ ದಿನ ಸೊಸೆಯನ್ನು ತನ್ನ ಮನೆಗೇ ಕರೆತಂದಳು. ಬಾಗಿಲು ತೆರೆದಿಟ್ಟೇ ಇಟ್ಟಿಗೆ ಜೋಡಿಸಿ ತಟ್ಟಿದಳು. ಬೀದಿಯಲ್ಲಿ ಹೋಗುತ್ತಿದ್ದ ಗಿರಿಜಾಂಬಿಕಾ ಇಣುಕಿ, "ಹೆಂಗವ್ಳೆ ರಂಗಮ್ಮಾರೆ?" ಎಂದಳು. "ಒಳಕ್ಕೆ ಬಂದು ನೋಡವ್ವ. ಹೊರಗಿಂದ ಕೇಳಿದ್ದು ಸಾಕು," ಎಂದಳು ರಂಗಮ್ಮ. ಅವಳು ಬರಲಿಲ್ಲ.

ಮಾರನೆಯ ದಿನ ಶೆಡ್ಡಿನಲ್ಲಿ ಗಂಗಯ್ಯ ತಾನಾಗಿ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. "ಆಗಿದ್ದು ಆಗೋಯ್ತು ರಂಗಮ್ಮ. ಒಳ್ಳೇದಕ್ಕೇ ಹೇಳ್ದೆ ನಾನು. ಮನಸ್ಸಲ್ಲಿ ಇಟ್ಕಬೇಡ."

"ಎಷ್ಟು ಮನೇಲಿ ಹೇಳಿದ್ದೆ?"

"ಅದ್ಯಾರು ಎಣಿಸ್ಕಂಡವ್ರೆ? ಈಗ ಎಲ್ರಿಗೂ ಗೊತ್ತಾಗೈತಲ್ಲ."

"ಅವರಿಗೆ ಗೊತ್ತಾಗೋದು ಬ್ಯಾರೆ, ನೀನು ಹೋಗಿ ಹೇಳೋದು ಬ್ಯಾರೆ. ಬಡೀತಾಳೆ ಅಂತ ಹೇಳಕ್ಕೆ ಯಾವ್ಯಾವ ಜಗಲಿ ಹತ್ತಿದ್ಯೋ ಅಷ್ಟೂ ಜಗಲಿ ಹತ್ತಿ, ಬಡೀಲಿಲ್ಲ ಅಂತ ಹೇಳ್ಬಾ."

"ಹೇಳ್ತೀನಿ ಬುಡು. ಈಗೊಂದು ಸಲ ನಕ್ಬುಡು, ಶೆಡ್ಡಲ್ಲಿ ಎಲ್ರೂ ನಮ್ಮನ್ನೇ ನೋಡ್ತಾವ್ರೆ."

ರಂಗಮ್ಮ ರಾಶಿಯಿಂದ ಒಂದು ಕಾಯಿ ತೆಗೆದು ಅವನ ಕಿವಿಯ ಹತ್ತಿರ ಅಲ್ಲಾಡಿಸಿದಳು. "ಏನಂತದೆ ಇದು?"

ಅಭ್ಯಾಸಬಲದಿಂದ ಗಂಗಯ್ಯ ಕಣ್ಣು ಮುಚ್ಚಿ ಕೇಳಿದ. "ಒಣಗಿಲ್ಲ. ನೀರು ಇನ್ನೂ ಐತೆ."

"ಒಣಗ್ದೇ ಇರೋದನ್ನ ಏನ್ ಮಾಡ್ತೀವಿ?"

"ಅಟ್ಟಕ್ಕೆ ಹಾಕ್ತೀವಿ."

"ನಂದೂ ಹಂಗೇ," ಎಂದು ರಂಗಮ್ಮ ಆ ಕಾಯಿಯನ್ನು ಅವನ ಕೈಗಿಟ್ಟಳು. "ಇದು ಗಟಗಟ ಅಂದ ದಿನ ಬಾ, ಮಾತಾಡಾನ."